ಗೆಳೆಯ ಹತ್ತಿ ಬಂದ ಬೆಟ್ಟ

ಬಹರೈನಿನಲ್ಲಿ ನಮ್ಮವರು ರಜೆ ಹಾಕಿದರೆಂದರೆ ಊರಿಗೆ ಎಂದೇ ಲೆಕ್ಕ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ, ಅವರ ಕೈಯಲ್ಲಿ ಕಳಿಸಲು ಪಾರ್ಸೆಲ್ ಕಟ್ಟುತ್ತಾರೆ. ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯ ರಜೆ ಹಾಕಿದಾಗ ನಾನೂ ಖರ್ಜೂರ, ಅಮ್ಮನ ಗಂಟುನೋವಿಗೆ ಮುಲಾಮು ಕಟ್ಟಿಕೊಂಡು ಅವನ ಮನೆಗೆ ಹೋದೆ.

“ಇದನ್ನು ನಾನು ಎಂತ ಮಾಡುದು ಮಾರಾಯ? ಊರಿಗಲ್ಲ, ನಾನು ಪೆರುವಿಗೆ ಹೋಗುದು,” ಅಂದ.

ಪೆರುವಿನಲ್ಲಿ ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ. ಚೋಕೆಕಿರಾವ್. ರಸ್ತೆಯಿಲ್ಲದ ಬೆಟ್ಟದ ಮೇಲೆ ಇಂಕಾ ಜನ ಕಟ್ಟಿ ಬಿಟ್ಟುಹೋದ ಊರು. ಎರಡು ದಿನ ನಡೆದೇ ಹೋಗಬೇಕು. ಅದರ ಚಿತ್ರ ಒಂಬತ್ತು ವರ್ಷಗಳಿಂದ ನನ್ನ ಮೇಜಿನ ಎದುರಿಗಿದೆ. ಅಲ್ಲಿನ ಮೆಟ್ಟಿಲುಗದ್ದೆಗಳ ಗೋಡೆಯಲ್ಲಿ ಬಿಳಿಕಲ್ಲಿನ ಲಾಮಾಗಳನ್ನು, ಅಂದರೆ ಆ ಕಡೆಯ ಹೊರೆ ಹೊರುವ ಪ್ರಾಣಿಗಳನ್ನು, ಕೂರಿಸಿದ್ದಾರೆ ಎಂದು ಅವನಿಗೆ ಹೇಳಿದ್ದೇ ನಾನು. “ಕಲ್ಲು ನೋಡ್ಲಿಕ್ಕೆ ಕಾರ್ಕಳ ಸಾಲದಾ?” ಎಂದು ಆಗ ನಕ್ಕಿದ್ದ. ನಾನು ಮಾತ್ರ ಪ್ರತಿ ರಜೆಗೂ ಊರಿಗೇ ಹೋದೆ. ಒಮ್ಮೆ ತಂಗಿಯ ಮದುವೆ, ಒಮ್ಮೆ ಮನೆಗೆ ಹೊಸ ಹೆಂಚಿನ ಮಾಡು, ಉಳಿದಂತೆ ಸುಮ್ಮನೆ.

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಅಲ್ಲಿ ಅವನಿಗೆ ಜೋರು ಮಳೆ ಸಿಗಲಿ, ಕಾಲು ಉಳುಕಲಿ ಎಂದು ಬಯಸಿದೆ. ದಿನಾ ಅವನ ಸ್ಟೇಟಸ್ ನೋಡಿದೆ, ನೋಡಿದ್ದು ಅವನಿಗೆ ಗೊತ್ತಾಗದ ಹಾಗೆ ಫೋನಿನ ಸೆಟ್ಟಿಂಗ್ ಬದಲಿಸಿ.

ಮರಳಿ ಬಂದ ಮೇಲೆ ಒಂದು ಶುಕ್ರವಾರ ಉಮ್ ಅಲ್ ಹಸ್ಸಮಿನ ತನ್ನ ಫ್ಲ್ಯಾಟಿಗೆ ಊರಿನವರನ್ನೆಲ್ಲ ಊಟಕ್ಕೆ ಕರೆದ. ಕೋರಿರೊಟ್ಟಿ ತಿನ್ನುತ್ತ ಎಲ್ಲರೂ ಟೀವಿಯಲ್ಲಿ ಫೋಟೋ ನೋಡಿದರು. ಕಣಿವೆಗೆ ಇಳಿದು, ಹೊಳೆ ದಾಟಿ, ಮತ್ತೆ ಹತ್ತುವ ದಾರಿ. ಒಂದರಲ್ಲಿ ಆ ಬಿಳಿ ಲಾಮಾಗಳು, ಅವುಗಳ ಕೆಳಗೆ ಇವನು, ಬಿಸಿಲಿಗೆ ಕಪ್ಪಾಗಿ, ವರ್ಕ್‌ಶಾಪಿನಲ್ಲಿ ನಾನೆಂದೂ ಕಾಣದ ನಗು ನಗುತ್ತ. ಅಲ್ಲಿ ನಾನು ನಿಂತಿರಬೇಕಿತ್ತು. ಫೋಟೋ ಓರೆಯಾಗಿದೆ ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

“ನನಗೆ ಈ ಹುಚ್ಚು ಹಿಡಿಸಿದ್ದೇ ಇವ,” ಎಂದು ಅವನು ನನ್ನತ್ತ ಕೈ ತೋರಿಸಿದ.

“ಹೌದಾ? ನೀವು ಯಾವಾಗ ಹೋದದ್ದು?” ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ನನ್ನನ್ನು ಕೇಳಿದರು.

“ಆಯ್ತು, ಆರೇಳು ವರ್ಷ,” ಅಂದೆ.

ಮಾತು ಬಾಯಿಂದ ಬಿದ್ದಾಗಿತ್ತು. ಆ ಕೋಣೆಯಲ್ಲಿ ಸತ್ಯ ಗೊತ್ತಿದ್ದದ್ದು ಅವನೊಬ್ಬನಿಗೆ. ನನ್ನ ಮುಖವನ್ನು ಒಂದು ಕ್ಷಣ ನೋಡಿದ. “ಆಗ ದಾರಿ ಇನ್ನೂ ಕಷ್ಟ ಇತ್ತು,” ಎಂದು ಅವರಿಗೆ ಹೇಳಿ ಮುಂದಿನ ಫೋಟೋ ಹಾಕಿದ. ಬೆಟ್ಟ ಹತ್ತಿ ಬಂದದ್ದನ್ನಾದರೂ ಕ್ಷಮಿಸಿಯೇನು, ಇದನ್ನು ಕ್ಷಮಿಸಲು ನನ್ನಿಂದ ಇನ್ನೂ ಆಗಿಲ್ಲ.