ಕಟಿಂಗ್ ಅಂಗಡಿಯ ನರ್ಸಮ್ಮ

ಗುಡ್ಡದ ಆಚೆಯ ಆ ಹಳ್ಳಿಯ ಆರೋಗ್ಯ ಉಪಕೇಂದ್ರವೆಂದರೆ ಎರಡು ಕೋಣೆ, ಒಂದು ಮಂಚ, ಕೂಸುಗಳನ್ನು ತೂಗುವ ಒಂದು ತಕ್ಕಡಿ. ವರ್ಗವಾಗಿ ಬಂದ ನರ್ಸಮ್ಮನ ಹತ್ತಿರ ಬಾಣಂತಿಯರು ಬರುತ್ತಿದ್ದರು, ಮಕ್ಕಳು ಬರುತ್ತಿದ್ದರು. ಗಂಡಸರು ಮಾತ್ರ ಆ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಕಲ್ಲುಕ್ವಾರಿಗೆ ಹೋದವರು ಕತ್ತಲಾದ ಮೇಲೆ ಮನೆ ಸೇರುವವರು. ಆ ವರ್ಷ ಗಟ್ಟಿಮುಟ್ಟಾಗಿದ್ದವನೊಬ್ಬ ಕೆಲಸದಲ್ಲೇ ಕುಸಿದು ಸತ್ತ. ಇನ್ನೊಬ್ಬ ಲಕ್ವ ಹೊಡೆದು ಹಾಸಿಗೆ ಹಿಡಿದ. ಊರಿನವರು ಹಣೆಬರಹ ಎಂದರು. ನರ್ಸಮ್ಮನಿಗೆ ರಕ್ತದೊತ್ತಡದ ಮೇಲೆ ಅನುಮಾನ.

ಭಾನುವಾರ ಬೆಳಿಗ್ಗೆ ಹಾಲು ತರಲು ಹೋದಾಗ ಕಟಿಂಗ್ ಅಂಗಡಿ ಕಣ್ಣಿಗೆ ಬಿತ್ತು. ಕೈಗೆ ಸಿಗದ ಗಂಡಸರೆಲ್ಲ ಅಲ್ಲಿನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಮರುವಾರ ಬಿಪಿ ಮಷೀನು ತರಬಹುದೇ ಎಂದು ಅಂಗಡಿಯವನನ್ನು ಕೇಳಿದರು. ಅವನು ಕತ್ತಿ ಒರೆಸುತ್ತ ಯೋಚಿಸಿದ.

"ಬನ್ನಿ ಅಕ್ಕ. ಮುಖಕ್ಕೆ ಸೋಪು ಹಚ್ಚಿದ ಮೇಲೆ ಯಾವನೂ ಎದ್ದು ಓಡಲ್ಲ."

ಮನೆಯಲ್ಲಿ ಅತ್ತೆ ಮುಖ ಗಂಟು ಹಾಕಿಕೊಂಡರು. ಗಂಡಸರು ಗಡ್ಡ ಹೆರೆಸಿಕೊಳ್ಳುವ ಜಾಗದಲ್ಲಿ ಸೊಸೆಗೇನು ಕೆಲಸ ಎಂದು ಗೊಣಗಿದರು. ನರ್ಸಮ್ಮ ಚೀಲ ಹೆಗಲಿಗೇರಿಸಿ ಹೊರಟರು.

ಮೊದಲ ದಿನವೇ ಕ್ವಾರಿಯ ಮೇಸ್ತ್ರಿಯ ಒತ್ತಡ ಎಷ್ಟು ಏರಿತ್ತೆಂದರೆ, ನಂಬಲಾಗದೆ ಇನ್ನೊಂದು ತೋಳಿಗೂ ಪಟ್ಟಿ ಸುತ್ತಿ ನೋಡಿದರು. ಅವನು ನಕ್ಕ.

"ಕಲ್ಲು ಒಡೆಯೋ ಕೈ ಇದು ಸಿಸ್ಟರ್. ನಿಮ್ಮ ಪಟ್ಟಿಗೆ ಇದರ ಅಳತೆ ಗೊತ್ತಿಲ್ಲ."

ಬೆನ್ನು ಬಿಡದೆ ಅವನನ್ನು ಡಾಕ್ಟರ ಹತ್ತಿರ ಕಳಿಸಿದರು. ಅವನು ಕೆಲವು ದಿನ ಮಾತ್ರೆ ನುಂಗಿ, ತಲೆನೋವು ಹೋಯಿತೆಂದು ಬಿಟ್ಟುಬಿಟ್ಟ. ಅದು ಗೊತ್ತಾದಾಗ ನರ್ಸಮ್ಮ ರೇಗಲಿಲ್ಲ. ಬೆಂಚಿನವರಿಗೆಲ್ಲ ಲಕ್ವದ ಗುರುತು ಹೇಳಿಕೊಟ್ಟರು: ಬಾಯಿ ಸೊಟ್ಟಗಾಗುತ್ತದೆ, ಕೈ ಬಿದ್ದುಹೋಗುತ್ತದೆ, ಮಾತು ತೊದಲುತ್ತದೆ. ಆಗ ಬಾಯಿಗೆ ಏನೂ ಹಾಕದೆ, ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಬೇಕು.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ ಅವರು ಬಾಣಂತಿಯೊಬ್ಬಳನ್ನು ನೋಡಲು ಪಕ್ಕದ ಹಳ್ಳಿಗೆ ಹೋಗಿದ್ದರು. ಇತ್ತ ಅಂಗಡಿಯಲ್ಲಿ ಗಡ್ಡ ಹೆರೆಸಿಕೊಳ್ಳುತ್ತಿದ್ದ ಮೇಸ್ತ್ರಿ ಏನೋ ಹೇಳಿದ, ಮಾತು ಕಲಸಿಹೋಯಿತು. ಅಂಗಡಿಯವನು ತಮಾಷೆಯೆಂದುಕೊಂಡು ಕನ್ನಡಿಯಲ್ಲಿ ನೋಡಿದರೆ, ಮೇಸ್ತ್ರಿಯ ಬಾಯಿಯ ಒಂದು ಬದಿ ಜೋತುಬಿದ್ದಿತ್ತು. ಎರಡೂ ಕೈ ಎತ್ತಲು ಹೇಳಿದ. ಎಡಗೈ ಮೇಲೇಳಲಿಲ್ಲ. ಅಷ್ಟರಲ್ಲಿ ಯಾರೋ ಲೋಟದಲ್ಲಿ ನೀರು ತಂದರು. ಅಂಗಡಿಯವನು ಅಡ್ಡ ನಿಂತ.

"ನೀರು ಬೇಡ. ನರ್ಸಕ್ಕ ಹೇಳಿದ್ದು ಮರೆತ್ರಾ? ಗಾಡಿ ತನ್ನಿ."

ಅರ್ಧ ಗಡ್ಡದಲ್ಲೇ ಮೇಸ್ತ್ರಿಯನ್ನು ಟೆಂಪೊಗೆ ಹತ್ತಿಸಿದರು. ಫೋನು ಬಂದ ಕೂಡಲೇ ನರ್ಸಮ್ಮ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ, ರಸ್ತೆಯ ತಿರುವಿನಲ್ಲಿ ಅದೇ ಗಾಡಿ ಹತ್ತಿದರು. ದಾರಿಯುದ್ದಕ್ಕೂ ಅವನನ್ನು ಒಂದು ಮಗ್ಗುಲಿಗೆ ಮಲಗಿಸಿ, ಕೆನ್ನೆಯ ಮೇಲೆ ಒಣಗುತ್ತಿದ್ದ ಸೋಪು ಒರೆಸುತ್ತಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಮಾತೇ ಹೋಗುತ್ತಿತ್ತು ಎಂದರು ಡಾಕ್ಟರು.

ಕೆಲವು ವಾರಗಳ ಮೇಲೆ ಮೇಸ್ತ್ರಿ ತನ್ನ ಕಾಲ ಮೇಲೇ ನಡೆದು ಊರಿಗೆ ಬಂದ. ಎಡಗಾಲು ಕೊಂಚ ಎಳೆಯುತ್ತದೆ, ಅಷ್ಟೆ. ಈಗ ಭಾನುವಾರ ಎಲ್ಲರಿಗಿಂತ ಮೊದಲು ಬೆಂಚು ಹಿಡಿದು, ಬಂದವರನ್ನೆಲ್ಲ ಮಾತ್ರೆ ನುಂಗಿದೆಯಾ ಎಂದು ವಿಚಾರಿಸುತ್ತಾನೆ. "ಚೆನ್ನಾಗಿದೀನಿ ಅಂತ ಬಿಟ್ಟೆ ಕಣಪ್ಪ. ಆ ಮಾತ್ರೆಯಿಂದಲೇ ಚೆನ್ನಾಗಿದ್ದೆ ಅಂತ ತಿಳೀಲಿಲ್ಲ" ಎನ್ನುತ್ತಾನೆ.

ಇದನ್ನೆಲ್ಲ ಕೇಳಿದ ಕ್ವಾರಿಯ ಹೆಂಗಸರು ನಮ್ಮ ಕೈಯೇನು ಕೈಯಲ್ಲವೇ ಎಂದು ಜಗಳಕ್ಕೇ ಬಂದರು. ಅವರೆಲ್ಲ ಒಟ್ಟಿಗೆ ಕೂರುವ ಜಾಗ ಹಿಟ್ಟಿನ ಗಿರಣಿ. ಬುಧವಾರ ಸಂಜೆ ನರ್ಸಮ್ಮ ಅಲ್ಲಿಗೆ ಹೋದರು, ಜೊತೆಗೆ ಹಿಟ್ಟಿನ ಡಬ್ಬಿ ಹಿಡಿದ ಅತ್ತೆ. ಗಿರಣಿಯ ಸದ್ದಿನಲ್ಲಿ ಸ್ಟೆತೊಸ್ಕೋಪು ಇಟ್ಟರೂ ನಾಡಿಯ ಬಡಿತ ಕಿವಿಗೆ ಬೀಳಲೊಲ್ಲದು. ಗಿರಣಿಯವನು ಅದನ್ನು ಗಮನಿಸಿ, ಕೇಳುವ ಮೊದಲೇ ಸ್ವಿಚ್ಚು ಆರಿಸಿದ. ಹೆಂಗಸರು ಬಳೆ ಮೇಲೆ ಸರಿಸಿಕೊಂಡು, ನಾ ಮುಂದು ತಾ ಮುಂದು ಎಂದು ಕೈ ಚಾಚಿದರು.