ರೊಟ್ಟಿ ಗಾಡಿ ಚಾಲೂ ಆಗದ ದಿನಗಳು

ಪೂರ್ತಿ ಕೆಟ್ಟ ಗಾಡಿಯಾದರೆ ಗುಜರಿಗೆ ಹಾಕಿ ಕೈ ತೊಳೆದುಕೊಳ್ಳಬಹುದು. ನಮ್ಮ ಮನೆಯ ಹಳೆಯ ಪಿಕಪ್ ಹಾಗೆ ಮರ್ಯಾದೆಯಿಂದ ಕೆಡಲಿಲ್ಲ. ಸೋಮವಾರ ಕೀಲಿ ತಿರುವಿದ ಕೂಡಲೇ ಗುರ್ ಎನ್ನುತ್ತಿತ್ತು, ಮಂಗಳವಾರ ಟಕ್ ಎಂದು ಸುಮ್ಮನಾಗುತ್ತಿತ್ತು. ಬುಧವಾರದ ಗತಿ ಏನೋ ಎಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಇದರ ಮನೆ ಹಾಳಾಗ! ಹೆತ್ತ ಮಕ್ಕಳನ್ನೂ ನಾನು ಅಷ್ಟು ಬೈದಿಲ್ಲ.

ಬಸವಕಲ್ಯಾಣದ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಜೋಳದ ರೊಟ್ಟಿ ಮಾಡುತ್ತಿದ್ದೆ. ಓಣಿಯ ಇಬ್ಬರು ಹೆಂಗಸರು ನನ್ನ ಜೊತೆ ಬಡಿಯಲು ಬರುತ್ತಿದ್ದರು. ಅವರ ಮನೆಗಳೂ ನಮ್ಮ ಮನೆಯೂ ಆ ಒಲೆಗಳ ಮೇಲೇ ನಡೆಯುತ್ತಿದ್ದವು. ಬಹುಪಾಲು ರೊಟ್ಟಿ ಹೋಗುತ್ತಿದ್ದದ್ದು ಹುಮನಾಬಾದಿನ ಒಂದು ಖಾನಾವಳಿಗೆ. ಕಡಕ್ ರೊಟ್ಟಿಯಾದರೆ ವಾರಗಟ್ಟಲೆ ಇಟ್ಟರೂ ನಡೆದೀತು. ಅವರಿಗೆ ಬೇಕಾದದ್ದು ಮೆತ್ತನೆಯ ರೊಟ್ಟಿ, ಅದೂ ಗಿರಾಕಿಗಳು ಊಟಕ್ಕೆ ಕೂರುವ ಮೊದಲೇ. ಒಮ್ಮೆ ಬಸ್ಸಿನಲ್ಲಿ ಒಯ್ದು ನೋಡಿದೆವು, ಜನರ ಕಾಲಡಿ ಸಿಕ್ಕು ಅರ್ಧ ಬುಟ್ಟಿ ಹಾಳಾಯಿತು. ಆ ಹಾಳು ಗಾಡಿಯೇ ನಮಗೆ ಗತಿ.

ಗಾಡಿ ಓಡಿಸುತ್ತಿದ್ದವರು ನನ್ನ ಗಂಡ. ದಾರಿಯಲ್ಲಿ ಸಿಗುವ ರಾಜೇಶ್ವರದ ಢಾಬಾಕ್ಕೆ ಒಂದು ಬುಟ್ಟಿ ಇಳಿಸಿ ಬಂದು ಕೀಲಿ ತಿರುವಿದರೆ ಬರೀ ಟಕ್. ಬಸ್ಸಿಗೆ ಕಾಯುತ್ತಿದ್ದವರು ಧಕ್ಕಾ ಕೊಡಲು ನಗುತ್ತಲೇ ಬರುತ್ತಿದ್ದರು. “ಏನ್ರಿ ಮಾಲಕ್ರ, ನಿಮ್ಮ ಎತ್ತ ಮತ್ತ ಮಲಗ್ಯಾದೇನು?” ಆಮೇಲೆ ಗಂಡ ದಾರಿಯಲ್ಲಿ ಎಂಜಿನ್ ಬಂದ್ ಮಾಡುವುದನ್ನೇ ಬಿಟ್ಟರು. ಮನೆಗೆ ಬಂದರೆ ಇಳಿಜಾರಿನಲ್ಲಿ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುವುದು, ಬೆಳಿಗ್ಗೆ ಕಲ್ಲು ತೆಗೆದು ಉರುಳಿಸಿ ಚಾಲೂ ಮಾಡುವುದು. ಮಾತಿನ ಮನುಷ್ಯ ಮಾತು ಬಿಟ್ಟರು. ಕೀಲಿ ತಿರುವುವ ಮೊದಲು ಕಣ್ಣು ಮುಚ್ಚುತ್ತಿದ್ದರು. ಅದನ್ನು ನೋಡಿದಾಗ ನನಗೆ ಸಿಟ್ಟಲ್ಲ, ಅಳು ಬರುತ್ತಿತ್ತು.

ಹುಮನಾಬಾದಿನ ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಅದೇ ಗಾಡಿ ಮೊದಲ ಸಲಕ್ಕೇ ಚಾಲೂ! “ಗಾಡಿ ಏಕದಮ್ ಠೀಕ್ ಅದರಿ ಅಕ್ಕಾ. ಮಾಲಕ್ರನ್ನೇ ಒಮ್ಮೆ ಡಾಕ್ಟರ್‌ಗೆ ತೋರಿಸ್ರಿ,” ಎಂದ ಮಹರಾಯ. “ನಗಬ್ಯಾಡ, ನನ್ನ ಹೊಟ್ಟಿ ಉರಿಲಾಕತ್ತದ,” ಎಂದೆ. ಅವನೂ ಪಾಪ, ಕತ್ತಲಲ್ಲಿ ತಡಕಾಡಿದ. ಬ್ಯಾಟರಿ ಬದಲಿಸಿದ. ಸೆಲ್ಫ್ ಮೋಟರ್ ಬಿಚ್ಚಿ ರಿಪೇರಿ ಮಾಡಿದ. ಕೀಲಿಯ ಸ್ವಿಚ್ಚನ್ನೇ ಹೊಸದು ಹಾಕಿದ. ಪ್ರತಿ ಸಲವೂ ನಾಲ್ಕು ದಿನ ಗಾಡಿ ಚೆನ್ನಾಗಿ ಚಾಲೂ ಆಗುತ್ತಿತ್ತು. ನಮ್ಮನ್ನು ಕೊಂದದ್ದು ಆ ನಾಲ್ಕು ದಿನಗಳೇ. ಇನ್ನು ಪೀಡೆ ತೊಲಗಿತು ಎಂದು ನಂಬುತ್ತಿದ್ದೆವು, ಐದನೆಯ ದಿನ ಮತ್ತೆ ಟಕ್.

ಖಾನಾವಳಿಯ ಯಜಮಾನರು ಕೆಟ್ಟವರಲ್ಲ, ಬಹಳ ದಿನ ತಡೆದುಕೊಂಡರು. ಕೊನೆಗೊಮ್ಮೆ ಫೋನ್ ಮಾಡಿ, “ಇನ್ನೊಂದ್ ಸಲ ಊಟದ ಹೊತ್ತು ತಪ್ಪಿತಂದ್ರ ಬ್ಯಾರೆ ಕಡಿ ಹೇಳ್ತೀನಿ ತಾಯಿ, ಸಿಟ್ಟಾಗಬ್ಯಾಡ್ರಿ,” ಎಂದರು. ಸಿಟ್ಟಾಗಲು ನನಗೆ ಯಾವ ಮುಖವಿತ್ತು?

ಅದೇ ವಾರ ನೀರಿನ ಪೈಪು ಹಾಕಲು ನಮ್ಮ ಮನೆಯ ಮುಂದಿನ ಇಳಿಜಾರನ್ನು ಅಗೆದರು. ಗಾಡಿಯನ್ನು ಉರುಳಿಸಲು ದಾರಿಯೇ ಇಲ್ಲದಂತಾಯಿತು. ಮರುದಿನ ಬುಟ್ಟಿಗಳನ್ನು ಏರಿಸಿ ಕೀಲಿ ತಿರುವಿದರೆ, ಟಕ್. ಮತ್ತೆ ಟಕ್. ಗಂಡ ಹಟ ಹಿಡಿದವರಂತೆ ತಿರುವುತ್ತಲೇ ಇದ್ದರು. ಬಾನೆಟ್ ಎತ್ತಿ ನಿಂತಿದ್ದ ನನಗೆ ಬಣ್ಣ ಸುಟ್ಟ ವಾಸನೆ ಬಂತು. ಬಗ್ಗಿ ನೋಡಿದೆ. ಬ್ಯಾಟರಿಯಿಂದ ಬಂದ ದಪ್ಪ ಕರಿ ವಾಯರನ್ನು ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಚಾಸಿಗೆ, ಬೋಲ್ಟು ಬಿಗಿದಿದ್ದಲ್ಲಿ ಸಣ್ಣಗೆ ಹೊಗೆ ಏಳುತ್ತಿತ್ತು. ಮುಟ್ಟಿದರೆ ಬೆರಳು ಚುರ್ ಎಂದಿತು.

ಗಂಡ ಬೋಲ್ಟು ಬಿಚ್ಚಿದರು. ವಾಯರಿನ ತುದಿಯ ಕೆಳಗೆ ಬರಿಯ ಕಬ್ಬಿಣ ಇರಬೇಕಾದಲ್ಲಿ ದಪ್ಪನೆಯ ಕರಿ ಬಣ್ಣವಿತ್ತು. ಕರೆಂಟ್ ಹಾಯಲು ಅಲ್ಲಲ್ಲಿ ಗೀರಿದ ಗುರುತಿನಷ್ಟೇ ಜಾಗ. ಗಾಡಿ ಅಲುಗಿದಾಗ ಒಮ್ಮೆ ತಾಕುತ್ತಿತ್ತು, ಒಮ್ಮೆ ತಾಕುತ್ತಿರಲಿಲ್ಲ. ಮೆಕ್ಯಾನಿಕ್ ಏನೇ ಬಿಚ್ಚಿ ಬಿಗಿದರೂ ವಾಯರು ಅಲುಗಿ ನಾಲ್ಕು ದಿನ ತಾಕುತ್ತಿತ್ತು. ಇಷ್ಟೇ ರೋಗ.

ಬಣ್ಣ ಹಚ್ಚಿದ್ದು ನನ್ನ ಮಾವ. ದಸರೆಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ನಮ್ಮ ಮನೆಯಲ್ಲಿ ಕಬ್ಬಿಣದ ವಸ್ತುವೆಲ್ಲ ಹೊಸ ಬಣ್ಣ ಬಳಿದುಕೊಂಡೇ ಪೂಜೆಗೆ ಕೂರಬೇಕು. ಕುಡುಗೋಲಿನ ಹಿಡಿಯಿಂದ ಗಾಡಿಯ ಹೊಟ್ಟೆಯವರೆಗೆ ಅವರು ಬೆರಳಗಲ ಜಾಗ ಬಿಡುವವರಲ್ಲ. ಹಿಂದಿನ ದಸರೆಯಲ್ಲಿ ಆ ವಾಯರನ್ನೂ ಬಿಚ್ಚಿ, ಅದರಡಿಯೂ ಬಳಿದು, ಒಣಗಿದ ಮೇಲೆ ಬಿಗಿದಿದ್ದರು. ಕಟ್ಟೆಯ ಮೇಲೆ ಕುಳಿತಿದ್ದ ಅವರು ಎದ್ದು ಬಂದು ನೋಡಿದರು. “ದೇವರಿಗಂತ ಹಚ್ಚಿದ್ದೆ ಯವ್ವಾ,” ಎಂದರು. ಬೈಗುಳಕ್ಕೆ ಬರವಿಲ್ಲದ ನಾನು ಒಳಗೆ ಹೋಗಿ ಬಣ್ಣ ಕೆರೆಯಲು ಚಾಕು ತಂದುಕೊಟ್ಟೆ.

ಗಂಡ ಕೆರೆದು ಬಿಗಿದರು. ಗಾಡಿ ಕೂಡಲೇ ಚಾಲೂ ಆಯಿತು. ನಾವು ಹುಮನಾಬಾದ್ ಮುಟ್ಟಿದಾಗ ಖಾನಾವಳಿಯಲ್ಲಿ ಊಟ ಅರ್ಧ ಮುಗಿದಿತ್ತು. ಹಳ್ಳಿಖೇಡದ ಕಡೆಯ ಹೆಂಗಸರಿಂದ ರೊಟ್ಟಿ ಬಂದಿತ್ತು, ಇನ್ನು ದಿನವೂ ಅವರದೇ ಬರುತ್ತದಂತೆ. ರೋಗ ಸಿಕ್ಕಿತು, ಇನ್ನು ತಪ್ಪುವುದಿಲ್ಲ ಎಂದು ಕೈಮುಗಿದೆ. “ಹೋದ ಸಲನೂ ಹಂಗೇ ಅಂದಿದ್ರಿ ತಾಯಿ,” ಎಂದರು ಯಜಮಾನರು. ಖರೇ ಮಾತು. ಬಿಸಿಲಲ್ಲಿ ಬಂದೀರಿ ಎಂದು ಊಟದ ತಾಟು ಹಾಕಿಸಿದರು. ಹಳ್ಳಿಖೇಡದವರ ರೊಟ್ಟಿ ಮುರಿದು ಬಾಯಿಗಿಟ್ಟೆ. ಒಂದಾದರೂ ಕುಂದು ಹುಡುಕಿದೆ, ಸಿಗಲಿಲ್ಲ. ಅಷ್ಟು ತೆಳ್ಳಗೆ, ಅಷ್ಟು ಚೆನ್ನಾಗಿ ಬಡಿದಿದ್ದರು.

ಓಣಿಯ ಹೆಂಗಸರಿಗೆ ಹೇಳಲು ಅಂದು ಸಂಜೆ ನನಗೆ ಧೈರ್ಯವಾಗಲಿಲ್ಲ. ಮರುದಿನ ಎದ್ದು ಶೆಡ್ಡಿಗೆ ಹೋದರೆ ಇಬ್ಬರೂ ಎಂದಿನಂತೆ ಬಂದು ಒಲೆ ಹೊತ್ತಿಸಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಒಬ್ಬಳು ಗೋಡೆಯ ಕಡೆ ತಿರುಗಿದಳು. ಇನ್ನೊಬ್ಬಳು ಒಲೆಯ ಕಡೆ ನೋಡಿ ಕೇಳಿದಳು:

“ಎಸರ ಕುದಿಲಾಕತ್ತದ ಅಕ್ಕಾ. ಹಿಟ್ಟ ಹಾಕಲೇನು, ಇಳಸಲೇನು?”

“ಇಳಸು,” ಎಂದೆ.