ಕಂಬದ ಬುಡದ ಸರಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಮದುರ್ಗದಲ್ಲಿ ವೈರ್‌ಲೆಸ್ ಮೆಕ್ಯಾನಿಕ್ ಆಗಿದ್ದೆ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟರೆ ಆ ಸುದ್ದಿ ನಮಗೆ ಮುಟ್ಟುತ್ತಿದ್ದುದು ಸಂಸ್ಥಾನದ ಕಾಲದ ಎತ್ತರದ ಕಬ್ಬಿಣದ ವೈರ್‌ಲೆಸ್ ಕಂಬದಿಂದ. ತನ್ನಷ್ಟಕ್ಕೆ ನಿಲ್ಲುವ ಕಂಬವಲ್ಲ ಅದು. ಮೂರು ದಿಕ್ಕಿಗೆ ಉಕ್ಕಿನ ಹಗ್ಗಗಳು ಜಗ್ಗಿ ಹಿಡಿದಿದ್ದವು. ಅವುಗಳ ತುದಿಗಳನ್ನು ನೆಲದಲ್ಲಿ ಹೂತ ಸರಳುಗಳಿಗೆ ಬಿಗಿದಿದ್ದರು. ಒಂದು ಕಿತ್ತರೂ ಕಂಬ ಉರುಳುತ್ತದೆ.

ರಸ್ತೆಯ ಕಡೆಗಿದ್ದ ಸರಳಿನ ಮೇಲೆ ಬಂದುಹೋಗುವ ಗಂಡಸರೆಲ್ಲ ಉಚ್ಚೆ ಹೊಯ್ಯುತ್ತಿದ್ದರು. ಕಚೇರಿಯ ಹಿಂದೆ ಪಾಯಖಾನೆ ಇದ್ದರೂ ನಮ್ಮ ಸಾಹೇಬನೂ ಅಲ್ಲೇ ನಿಲ್ಲುತ್ತಿದ್ದ.

ಕಂಬ ಹತ್ತುವ ಕೆಲಸಗಾರ ನನಗಿಂತ ಹಿರಿಯರು, ದಲಿತರಾಗಿದ್ದು ಬೌದ್ಧ ಧರ್ಮ ಸೇರಿದ ಮನೆತನದವರು. ನಾನು ಅಣ್ಣಾ ಎನ್ನುತ್ತಿದ್ದೆ. ಮೇಲಧಿಕಾರಿ ತಪಾಸಣೆಗೆ ಬರುವವನಿದ್ದ, ಅಷ್ಟರಲ್ಲಿ ಕಂಬಕ್ಕೆ ಬಣ್ಣವಾಗಬೇಕಿತ್ತು. ಅಣ್ಣ ರಸ್ತೆ ಕಡೆಯ ಹಗ್ಗ ಅಲುಗಿಸಿ ನೋಡಿ, ಈ ಕಡೆ ಸಡಿಲಾಗಿದೆ, ಸರಳಿನ ಬುಡ ಅಗೆದು ನೋಡದೆ ಹತ್ತುವುದಿಲ್ಲ ಎಂದರು.

ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ನನಗೆ ಹೇಳಿದ, "ಅಂವನ ಅಗೀಲಿ ಬಿಡ್ರಿ. ಅವರ ಮಂದಿಗೆ ಇದೇನ ಹೊಸಾದಲ್ಲ."

ಅಣ್ಣ ಸಲಿಕೆಯನ್ನು ನೆಲಕ್ಕಿಟ್ಟು ದೂರ ಹೋಗಿ ಕುಂತರು. ಈ ಸಾಹೇಬನ ಬುತ್ತಿಯ ರೊಟ್ಟಿಯನ್ನು ಎಷ್ಟು ಸಲ ಹೊಗಳಿ ತಿಂದಿದ್ದೆ.

ಸಲಿಕೆ ನಾನೇ ಎತ್ತಿಕೊಂಡೆ. ಕರ್ರಗೆ ಕೊಳೆತ ಮಣ್ಣು, ಕಣ್ಣುರಿಸುವ ನಾತ. ಎರಡು ಸಲ ಬದಿಗೆ ಹೋಗಿ ವಾಂತಿ ಮಾಡಿದೆ. ಮೊಳದಾಳದಲ್ಲಿ ಸಿಕ್ಕಿತು: ಹೆಬ್ಬೆರಳಿಗಿಂತ ದಪ್ಪನೆಯ ಸರಳು ತುಕ್ಕು ತಿಂದು ಪೆನ್ಸಿಲಿನಷ್ಟಾಗಿತ್ತು.

ಸಾಹೇಬ ಬಗ್ಗಿ ನೋಡಿದ. ಮಣ್ಣು ಮುಚ್ಚಿ ಬಣ್ಣ ಹೊಡೆಸಿರಿ, ತಪಾಸಣೆ ಮುಗಿದ ಮೇಲೆ ನೋಡೋಣ ಎಂದ.

"ಹಂಗಾದ್ರ ನೀವ ಹತ್ರಿ, ಸಾಹೇಬ್ರ," ಎಂದೆ.

ಅವನು ಒಳಗೆ ಹೋದ. ಅಣ್ಣ ಎದ್ದು ಬಂದು ಗುಂಡಿಗಿಳಿದರು. ಹಗ್ಗವನ್ನು ಸರಪಳಿಯಿಂದ ಪಕ್ಕದ ಬಂಡೆಗೆ ಬಿಗಿದೆವು. ಹೊಸ ಸರಳು ಹೂತು ಕಾಂಕ್ರೀಟು ಹಾಕಿದೆವು. ಅದು ಗಟ್ಟಿಯಾದ ಮೇಲೆ ಹಗ್ಗವನ್ನು ಅದಕ್ಕೆ ಬಿಗಿದು, ಅಣ್ಣ ತುದಿಯವರೆಗೂ ಹತ್ತಿ ಬಣ್ಣ ಹಚ್ಚಿದರು.

ಮೇಲಧಿಕಾರಿ ಬಂದು ಮೆಚ್ಚಿಕೊಂಡ. ಬುಡ ಅಗೆಸಿ ಸರಳು ಕೆಟ್ಟದ್ದನ್ನು ಕಂಡುಹಿಡಿದದ್ದು ತಾನೇ ಎಂದು ಸಾಹೇಬ ಹೇಳಿಕೊಂಡ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ. ಅಣ್ಣ ಒಮ್ಮೆ ನನ್ನ ಮುಖ ನೋಡಿ ಬಣ್ಣದ ಡಬ್ಬಿ ತೊಳೆಯಲು ಹೋದರು.

ಮರುವರ್ಷ ಕಂಬದ ಕೆಲಸಕ್ಕೆಂದು ಕರೆ ಕಳಿಸಿದಾಗ ಅವರು ಬರಲಿಲ್ಲ. ಬೈಲಹೊಂಗಲದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿದ್ದಾರೆಂದು ತಿಳಿಯಿತು. ಆ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಒಮ್ಮೆಯೂ ಇಳಿದಿಲ್ಲ.